ಬದರಿಯ ಕಂಪ್ಯೂಟರಿಗೆ ಬಂದ ನೆಂಟರು

ಬದರೀನಾರಾಯಣನ ಕಂಪ್ಯೂಟರಿನಲ್ಲಿ ಕನ್ನಡದ ಅಕ್ಷರಗಳು ಚದುರಿಹೋಗಿದ್ದವು. "ಶ್ರೀ" ಎಂದು ಟೈಪ್ ಮಾಡಿದರೆ ಅಕ್ಷರ ಒಂದು ಕಡೆ, ಅದರ ಒತ್ತು ಇನ್ನೊಂದು ಕಡೆ. ಗಾಂಧಿ ಬಜಾರಿನ ಗದ್ದಲದಲ್ಲಿ ಅಮ್ಮನ ಸೆರಗು ಬಿಟ್ಟ ಮಗುವಿನ ಹಾಗೆ.

ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿದ್ದ. ಆದರೆ ಪಕ್ಕದ ಮನೆಯ ಶಿವಕುಮಾರಿಯ ಮಗಳು ಮೋನಿಷಾಳಿಗೆ ಬರುವ ಶುಕ್ರವಾರ ಸೀಮಂತ. "ಕಾರ್ಡು ನಾನೇ ಪ್ರಿಂಟ್ ಮಾಡ್ಕೊಡ್ತೀನಿ" ಎಂದು ಬದರಿ ಚಾಮರಾಜಪೇಟೆಯ ತಮ್ಮ ವಠಾರದ ನಲ್ಲಿಯ ಮುಂದೆ ಎಲ್ಲರೆದುರು ಹೇಳಿಬಿಟ್ಟಿದ್ದ. ನಾಳೆ ಬೆಳಗ್ಗೆಯಿಂದಲೇ ಶಿವಕುಮಾರಿ ಮನೆಮನೆಗೆ ಹೋಗಿ ಕರೆಯಬೇಕು. ಒಬ್ಬಳೇ ಮಗಳು, ಮೊದಲ ಬಸಿರು.

ಆಫೀಸಿನ ನಿತೀಶ್ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿ ಅದರ ಸಿಡಿ ಕೊಟ್ಟಾಗಲೇ ಹೇಳಿದ್ದ: "ಸಾರ್, ಇದ್ರಲ್ಲಿ ಪ್ಯಾಕೇಜ್ ಮ್ಯಾನೇಜರ್ ಅಂತ ಇದೆ. ಏನು ಬೇಕೋ ಅದಕ್ಕೆ ಟಿಕ್ ಹಾಕಿ. ಅದಕ್ಕೆ ಬೇಕಾದ್ದೆಲ್ಲ ಅದೇ ತರಿಸ್ಕೊಳತ್ತೆ."

"ಇನ್ನೊಬ್ಬ ಮ್ಯಾನೇಜರ್ರಾ?" ಹೆಂಡತಿ ಆಂಡಾಳ್ ಕಾಫಿ ತಂದಿಟ್ಟಳು. "ಆಫೀಸಲ್ಲಿರೋರು ಸಾಲ್ದಾಗಿತ್ತಾ ನಿಮ್ಗೆ?"

ಬದರಿ ನಕ್ಕು, ಫೋನಿನ ವೈರು ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದ. ಇಂಟರ್‌ನೆಟ್ ಬರುವುದು ಆ ತಂತಿಯಲ್ಲೇ, ಅದು ಬರುವಷ್ಟು ಹೊತ್ತು ಫೋನಿಲ್ಲ. ಆ ಫೋನು ಹೆಸರಿಗೆ ಮಾತ್ರ ಅವನದು. ವಠಾರದವರೆಲ್ಲ ನೆಂಟರಿಷ್ಟರಿಗೆ ಕೊಟ್ಟಿದ್ದು ಅದೇ ನಂಬರು. ಅರ್ಧ ಗಂಟೆ ತಾನೇ ಎಂದುಕೊಂಡು ಅಕ್ಷರ ಜೋಡಿಸುವ ಹೊಸ ಪ್ರೋಗ್ರಾಮಿಗೆ ಟಿಕ್ ಹಾಕಿದ.

ಮ್ಯಾನೇಜರು ಕೂಡಲೇ ಕೇಳಿತು: ಇದಕ್ಕೆ ಇನ್ನೊಂದು ಬೇಕು, ತರಲೇ? ಬದರಿ ಯೆಸ್ ಒತ್ತಿದ. ಆ ಇನ್ನೊಂದಕ್ಕೆ ಮತ್ತೆರಡು ಬೇಕಂತೆ. ಯೆಸ್. ಆ ಎರಡೂ ಹೊಸ ಕಾಲದವು, ಮನೆಯಲ್ಲಿರುವ ಹಳಬರೆಲ್ಲ ಹೊಸಬರಾಗದಿದ್ದರೆ ಒಳಗೆ ಕಾಲಿಡುವುದಿಲ್ಲವಂತೆ. ಪಟ್ಟಿ ಪರದೆಯಿಂದಾಚೆ ಇಳಿಯಿತು. ಟೆಲಿಫೋನು ತಂತಿಯಲ್ಲಿ ಅಷ್ಟೂ ಸಾಮಾನು ತುಪ್ಪದ ಗಿಂಡಿಯ ಬಾಯಿಂದ ತುಪ್ಪ ಇಳಿದಂತೆ ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

ಮಧ್ಯಾಹ್ನ ಶಿವಕುಮಾರಿ ಬಂದಳು. "ಆಯ್ತಾ ಬದರಿಯವ್ರೇ?"

"ಒಂದು ತರೋಕೆ ಹೋದ್ರೆ ಹತ್ತು ಬರ್ತಿದೆ, ಶಿವಕುಮಾರಮ್ಮ."

ಆಕೆ ಪರದೆಯನ್ನು ನೋಡಿದಳು. ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಮತ್ತಿನ್ನೇನು? ನಾನು ಕಲ್ಯಾಣಮ್ಮನ್ನ ಕರೆದ್ರೆ ಅವರ ವಾರಗಿತ್ತೀನ ಬಿಡಕ್ಕಾಗುತ್ತಾ? ವಾರಗಿತ್ತೀನ ಕರೆದ್ಮೇಲೆ ಅವರ ಬೀಗಿತ್ತೀನ? ಕಂಪ್ಯೂಟರಿಗೂ ಸಂಬಂಧಗಳಿರಲ್ವೇ ಪಾಪ! ಬರ್ಲಿ ಬಿಡಿ, ಬಂದೋರ್ಗೆಲ್ಲ ಎಲೆ ಹಾಕಿ."

ಅಷ್ಟರಲ್ಲಿ ಮಹಡಿ ಮನೆಯ ದೊರೆಸ್ವಾಮಿ ಬಾಗಿಲಲ್ಲಿ ಇಣುಕಿದರು. "ಬದರೀ, ನಮ್ಮ ತಮ್ಮ ಫೋನ್ ಮಾಡ್ತೀನಿ ಅಂದಿದ್ದ. ಲೈನ್ ಫ್ರೀ ಆಯ್ತೇನಯ್ಯ?"

"ಈಗಾಯ್ತು ಸಾರ್, ಇನ್ನೊಂದ್ ಚೂರು."

"ಬೆಳಗ್ಗೆನೂ ಚೂರೇ ಇತ್ತು. ನಿನ್ ಚೂರು ಬೆಳೀತಾನೇ ಇದ್ಯಲ್ಲಯ್ಯ!"

ಮಧ್ಯದಲ್ಲಿ ನಿಲ್ಲಿಸಿದರೆ ಹಳಬರೂ ಇಲ್ಲ, ಹೊಸಬರೂ ಇಲ್ಲ ಎಂದಾಗುತ್ತದೆಂಬ ಹೆದರಿಕೆ ಬದರಿಗೆ. ಅಷ್ಟರಲ್ಲಿ ಪರದೆ ಇನ್ನೊಂದು ತಕರಾರು ತೆಗೆಯಿತು: ಅಕ್ಷರದ ಹೊಸ ಪ್ರೋಗ್ರಾಮಿಗೂ ಮನೆಯಲ್ಲಿರುವ ಹಾಡಿನ ಪ್ರೋಗ್ರಾಮಿಗೂ ಆಗಿಬರುವುದಿಲ್ಲ, ಇದು ಬರಬೇಕಾದರೆ ಅದು ಹೋಗಬೇಕು.

ಬದರಿಯ ಕೈ ತಡೆಯಿತು. ಆಂಡಾಳ್ ದಿನವೂ ಸಂಜೆ ದೀಪ ಹಚ್ಚುವಾಗ ದಾಸರ ಪದ ಕೇಳುವುದು ಅದರಲ್ಲೇ.

"ನಮ್ಮ ಇಬ್ಬರು ಭಾವಂದಿರ ಥರ," ಎಂದಳು ಶಿವಕುಮಾರಿ. "ಒಬ್ರು ಬಂದ ಛತ್ರಕ್ಕೆ ಇನ್ನೊಬ್ರು ಬರಲ್ಲ. ಈ ಸಲ ಒಬ್ರನ್ನ ಬಿಡಿ. ಒತ್ತಿ, ಒತ್ತಿ."

ಅಡುಗೆಮನೆಯ ಕಡೆ ಕಳ್ಳನೋಟ ಬೀರಿ ಬದರಿ ಯೆಸ್ ಒತ್ತಿದ.

ಸಂಜೆಯ ಹೊತ್ತಿಗೆ ಎಲ್ಲ ಇಳಿದು ಕೂತಿತು. "ಶ್ರೀ" ಅಕ್ಷರ ಒತ್ತನ್ನು ಸೊಂಟಕ್ಕೇರಿಸಿಕೊಂಡು ತಾಯಿಯ ಹಾಗೆ ನಿಂತಿತ್ತು. ಕಾರ್ಡುಗಳು ಒಂದಾದ ಮೇಲೊಂದು ಹೊರಬಂದವು. ಶಿವಕುಮಾರಿ ಅವನ್ನು ಕಣ್ಣಿಗೊತ್ತಿಕೊಂಡು, ಮೂಲೆಗಳಿಗೆ ಅರಿಶಿನ ಹಚ್ಚಲು ಮನೆಗೆ ಓಡಿದಳು. ಬದರಿ ಹೆಮ್ಮೆಯಿಂದ ವೈರು ತೆಗೆದು ಫೋನಿಗೆ ಸಿಕ್ಕಿಸಿದ.

ಸಿಕ್ಕಿಸಿದ್ದೇ ತಡ, ಫೋನು ಬಡಿದುಕೊಂಡಿತು.

"ಅಂಕಲ್, ನಾನು ಮೋನಿಷಾ! ಬೆಳಗ್ಗೆಯಿಂದ ಬರೀ ಎಂಗೇಜು! ಶುಕ್ರವಾರ ಬೇಡ್ವಂತೆ, ಅದರ ಮುಂದಿನ ಬುಧವಾರ ಅಂತಿದಾರೆ ನಮ್ಮತ್ತೆ. ಇನ್ನೂ ಕಾರ್ಡ್ ಮಾಡಿಸ್ಬೇಡಿ ಅಂತ ಅಮ್ಮಂಗೆ ಹೇಳ್ಬಿಡಿ ಅಂಕಲ್, ಪ್ಲೀಸ್."

ಹೇಗೆ ಹೇಳುವುದೆಂದು ತಿಳಿಯದೆ ಬದರಿ ವಠಾರದ ಅಂಗಳವನ್ನು ಅರ್ಧ ಗಂಟೆ ಸುತ್ತಿ, ಕೊನೆಗೆ ಪಕ್ಕದ ಮನೆಗೆ ಹೋದ. ಶಿವಕುಮಾರಿ ಕೊನೆಯ ಕಾರ್ಡಿನ ಕೊನೆಯ ಮೂಲೆಗೆ ಅರಿಶಿನ ಹಚ್ಚುತ್ತಿದ್ದಳು. ವಿಷಯ ಕೇಳಿ ಅರಿಶಿನದ ಬೆರಳನ್ನು ಹಾಗೇ ಗಲ್ಲಕ್ಕಿಟ್ಟುಕೊಂಡಳು. ಬೈಯುತ್ತಾಳೆಂದು ಬದರಿ ತಲೆ ತಗ್ಗಿಸಿ ನಿಂತ. ಆಕೆ ಬೈಯಲಿಲ್ಲ.

"ನನ್ನ ಕಾರ್ಡಿಗೋಸ್ಕರ ತಾನೇ ಲೈನು ಹಿಡಿದಿದ್ದು, ನಿಮ್ದೇನು ತಪ್ಪು? ಪುಣ್ಯಕ್ಕೆ ಹಂಚೋಕ್ಮುಂಚೆ ಗೊತ್ತಾಯ್ತು. ಈಗ ಎಲ್ಲಾ ರಿಪೇರಿ ಆಗಿದೆಯಲ್ಲ, ಬರೀ ದಿನ ಬದಲಾಯ್ಸಿ ಇನ್ನೊಂದ್ಸಲ ತೆಗೆದ್ಬಿಡಿ. ಎಷ್ಟೊತ್ತಿನ ಕೆಲ್ಸ?"

"ಐದೇ ನಿಮಿಷ!" ಬದರಿಗೆ ಹೋದ ಜೀವ ಬಂದಂತಾಯಿತು. ಮನೆಗೆ ಓಡಿದ.

ಹೊಸ್ತಿಲಲ್ಲೇ ಕಾಲುಗಳು ನಿಂತವು. ದೇವರ ಮುಂದೆ ದೀಪ ಉರಿಯುತ್ತಿತ್ತು. ಕಂಪ್ಯೂಟರಿನಿಂದ ದಾಸರ ಪದ ತಂಬೂರಿ ಶ್ರುತಿಯ ಸಮೇತ ತೇಲಿಬರುತ್ತಿತ್ತು.

"ಆಂಡಾಳ್... ಇದು ಹೆಂಗೆ ಬಂತು?"

"ನಾನೇ ಬರಿಸ್ದೆ ಕಣ್ರೀ!" ಆಂಡಾಳಿನ ಮುಖ ದೀಪಕ್ಕಿಂತ ಹೆಚ್ಚು ಬೆಳಗುತ್ತಿತ್ತು. "ಹಾಡೇ ಕಾಣಿಸ್ಲಿಲ್ಲ. ಬೆಳಗ್ಗೆಯಿಂದ ನೀವು ಮಾಡೋದನ್ನ ನೋಡ್ತಿರ್ಲಿಲ್ವಾ? ಟಿಕ್ ಹಾಕ್ದೆ. ನಿತೀಶ್ ಕೊಟ್ಟ ಹಳೇ ಸಿಡಿ ಹಾಕು ಅಂತು, ಹಾಕ್ದೆ. ಆಮೇಲೆ ಏನೇನೋ ತೆಗೆದುಹಾಕ್ಲಾ ಅಂತ ಇಷ್ಟುದ್ದ ಪಟ್ಟಿ ಕೊಡ್ತು."

"ನೀನೇನು ಮಾಡ್ದೆ?"

"ನೀವು ಮಾಡ್ದಂಗೇ. ಯೆಸ್ ಒತ್ತಿದೆ."

ಬದರಿ "ಶ್ರೀ" ಎಂದು ಟೈಪ್ ಮಾಡಿದ. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ.

ಹಾಡು ಮುಗಿಯುವವರೆಗೂ ಕಾದ. ಆಮೇಲೆ ಮೆಲ್ಲಗೆ ಕೈ ಚಾಚಿ ಫೋನಿನ ವೈರು ಹಿಡಿದ. ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು.

"ಬದರೀ," ದೊರೆಸ್ವಾಮಿಗಳ ದನಿ, "ಅಂತೂ ಲೈನ್ ಫ್ರೀ ಆಯ್ತಂತಲ್ಲಯ್ಯ!"