ಎರಡು ತಟ್ಟೆಯ ಮುದುಕ

ಒಂಟಿತನ ಎಂಬುದು ಕೈಗೆ ಕೆಲಸವಿಲ್ಲದವರ ಕಾಯಿಲೆ, ನನ್ನಂಥವನ ಹತ್ತಿರ ಅದು ಸುಳಿಯದು ಎಂದು ನಾನು ಘೋಷಿಸಿದ್ದು ಹೆಂಡತಿಯನ್ನು ರೈಲು ಹತ್ತಿಸುವಾಗ. ಅವಳಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ದೂರದ ಊರಿಗೆ ವರ್ಗವಾಗಿತ್ತು. ನನ್ನದು ಇಲ್ಲಿ ಕನ್ನಡಕದ ಅಂಗಡಿ, ಹೊತ್ತುಕೊಂಡು ಹೋಗುವಂಥದ್ದಲ್ಲ. ವರ್ಷ ತುಂಬುತ್ತಿದ್ದಂತೆ ಅವಳು ಫೋನ್ ಮಾಡಿದಳು.

"ಇನ್ನೊಂದು ವರ್ಷ ಇಲ್ಲೇ ಇರ್ತೀರಾ ಅಂತ ಆಫೀಸಲ್ಲಿ ಕೇಳ್ತಿದ್ದಾರೆ. ಸೋಮವಾರ ಹೇಳ್ಬೇಕು. ಏನ್ ಹೇಳ್ಲಿ?"

"ಇರು, ಅದಕ್ಕೇನು? ನಾನಿಲ್ಲಿ ರಾಜನ ಹಾಗಿದ್ದೀನಿ."

"ಸರಿ, ರಾಜರೇ," ಎಂದು ಫೋನಿಟ್ಟಳು.

ರಾಜರು ಆ ಸಂಜೆ ಒಲೆಯ ಮುಂದೆ ನಿಂತು ಬಾಣಲೆಯಿಂದಲೇ ಊಟ ಮುಗಿಸಿದರು.

ಶನಿವಾರ ಅಂಚೆಯಲ್ಲಿ ಸಿನಿಮಾ ಬಂತು. ಚಂದಾ ಕಟ್ಟಿದವರ ಮನೆಗೆ ಡಿಸ್ಕ್ ಕಳಿಸಿ, ನೋಡಿದ ಮೇಲೆ ಅದೇ ಲಕೋಟೆಯಲ್ಲಿ ವಾಪಸ್ ಪಡೆಯುವ ಬಾಡಿಗೆ ಕಂಪನಿ ಅದು. ನಾನು ಕೇಳಿದ್ದು ಹೊಡೆದಾಟದ ಚಿತ್ರ. ಬಂದದ್ದು ಹೆಸರನ್ನೂ ಓದಲಾಗದ ಯಾವುದೋ ವಿದೇಶಿ ಚಿತ್ರ. ಮಾತಿಗೆ ಅರ್ಥ ಹೇಳುವ ಅಕ್ಷರಗಳು ಪರದೆಯ ಕೆಳಗೆ ಮೂಡಲೇ ಇಲ್ಲ. ಊರಿಗೆಲ್ಲ ದೃಷ್ಟಿ ಕೊಡುವ ನನಗೆ ರಿಮೋಟಿನಲ್ಲಿ ಅದರ ಗುಂಡಿ ಕಾಣಲಿಲ್ಲ. ಕಣ್ಣಿದ್ದವನಿಗೆ ಭಾಷೆಯ ಹಂಗೇಕೆ ಎಂದು ಕೂತೆ.

ಚಿತ್ರದಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ. ಸಂಜೆಯಾದರೆ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾನೆ. ಎದುರಿನ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಾನೆ, ಅದು ಏನೋ ಹೇಳಿದಂತೆ ತಲೆದೂಗುತ್ತಾನೆ. ಊಟವಾದ ಮೇಲೆ ಎರಡೂ ತಟ್ಟೆ ತೊಳೆಯುತ್ತಾನೆ. ಯಾರೂ ಉಣ್ಣದ ಆ ಚೊಕ್ಕ ತಟ್ಟೆಯನ್ನು ಅವನು ಒರೆಸುವ ಹೊತ್ತಿಗೆ ನನ್ನ ಕನ್ನಡಕ ಮಂಜಾಯಿತು. ಲೆನ್ಸಿನ ದೋಷವೆಂದು ಬೇರೆ ಕನ್ನಡಕ ಹಾಕಿದೆ. ಅದಕ್ಕೂ ಅದೇ ದೋಷ.

ತಡೆಯಲಾರದೆ ಹೆಂಡತಿಗೆ ಫೋನ್ ಮಾಡಿದೆ.

"ಸತ್ತ ಹೆಂಡ್ತಿಗೆ ತಟ್ಟೆ ಇಡ್ತಾನೆ ಕಣೇ," ಎಂದೆ, ಕನ್ನಡಕ ಒರೆಸುತ್ತ.

"ಗಡಿಯಾರದ ಮುದುಕನಾ? ಅಯ್ಯೋ, ಅದು ನಾನು ತರಿಸಿದ್ದು. ವಿಳಾಸ ಬದಲಾಯಿಸೋದು ಮರ್ತಿದ್ದೆ. ಅವನಿಗೆ ಹೆಂಡ್ತಿನೇ ಇಲ್ಲ ರೀ. ಎದುರುಮನೆಯವಳು ದಿನಾ ತನ್ನ ಕೆಟ್ಟ ಅಡುಗೆ ಹೊತ್ಕೊಂಡು ಬರ್ತಾಳಲ್ಲ, ಅವಳನ್ನ ಓಡ್ಸೋಕೆ ಮನೇಲಿ ನೆಂಟರಿದ್ದಾರೆ ಅಂತ ನಾಟಕ ಆಡ್ತಾನೆ. ಅದು ಹಾಸ್ಯ ಚಿತ್ರ!"

ಪಾತ್ರೆ ಹಿಡಿದು ಬರುತ್ತಿದ್ದವಳನ್ನು ನಾನು ಸತ್ತವಳ ತಂಗಿ ಎಂದುಕೊಂಡಿದ್ದೆ. ಅವಳ ಪಾಲಿನದನ್ನೂ ಅತ್ತು ಮುಗಿಸಿದ್ದೆ.

"ನೋಡಿರೋ ಸಿನಿಮಾನ ಮತ್ತೆ ಯಾಕೆ ತರಿಸಿದೆ?"

"ನಗೋಣ ಅಂತ. ಆಫೀಸ್ ಮುಗ್ಸಿ ರೂಮಿಗೆ ಬಂದ್ರೆ ಇಲ್ಲಿ ನಗೋಕೆ ಏನೂ ಇರಲ್ಲ."

ನಾನು ಎದ್ದು ಟಿವಿ ಆರಿಸಿದೆ.

"ಸೋಮವಾರ ಏನ್ ಹೇಳ್ಲಿ, ರಾಜರೇ?"

"ಇರಲ್ಲ ಅಂತ ಹೇಳು. ಬಂದ್ಬಿಡು."

"ಬರ್ತೀನಿ. ಡಿಸ್ಕ್ ಕಳಿಸ್ಬೇಡಿ, ಜೊತೇಲಿ ನೋಡೋಣ. ಅಂದ ಹಾಗೆ, ನಮ್ಮನೇಲಿ ತೊಳೆದ ತಟ್ಟೆ ಎರಡಾದ್ರೂ ಇದೆಯಾ?"

ಸಿಂಕಿನ ಕಡೆ ನೋಡಿದೆ. ಅಲ್ಲಿನ ತೊಳೆಯದ ತಟ್ಟೆಗಳ ರಾಶಿ ಕಾಣಲು ಕನ್ನಡಕವೇ ಬೇಕಾಗಲಿಲ್ಲ.