ನಾನು ಬ್ಯಾಂಜೋ ಟೈಪು ಮಾಡಿದ್ದು

ಒತ್ತುವ ಗುಂಡಿಗಳಿರುವ ಯಾವುದೇ ಯಂತ್ರ ನನ್ನ ಮುಂದೆ ಬಾಲ ಮುದುರಿಕೊಂಡು ಕೂಡುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ರೋಣ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿನ ವಕೀಲರೊಬ್ಬರ ಬಳಿ ನಾನು ಟೈಪಿಸ್ಟ್. ಕಣ್ಣು ಮುಚ್ಚಿಕೊಂಡು ಟೈಪು ಮಾಡುವವನೆಂದು ಕೋರ್ಟಿನ ಅಂಗಳದಲ್ಲೆಲ್ಲ ನನಗೆ ಹೆಸರಿತ್ತು. ಕಣ್ಣು ತೆರೆದು ಮಾಡಿದ್ದರೆ ತಪ್ಪುಗಳು ಕಡಿಮೆಯಾಗುತ್ತಿದ್ದವು ಎಂದು ವಕೀಲರು ಹೇಳುತ್ತಿದ್ದರು. ಅದು ಬೇರೆ ಮಾತು!

ಸುಮ್ಮನೆ ಕೂಡುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಕೈ ಖಾಲಿಯಾಯಿತೆಂದರೆ ನನ್ನ ಬೆರಳುಗಳು ಗೋಡೆ, ಗಂಗಾಳ, ಮೊಣಕಾಲು, ಸಿಕ್ಕಿದ್ದರ ಮೇಲೆ ಅರ್ಜಿ ಬರೆಯುತ್ತಿದ್ದವು. ಒಮ್ಮೆ ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೆ ಪ್ರತಿವಾದಿಯ ಅರ್ಧ ಕೈಫಿಯತ್ತು ಬರೆದು ಮುಗಿಸಿದ್ದೆ. ಅವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು.

ಆ ವರ್ಷ ಈ ಚಡಪಡಿಕೆಗೆ ಒಂದು ಕಾರಣವೂ ಸೇರಿಕೊಂಡಿತು. ನನ್ನ ತಂಗಿ ಶಾಂತಾಳ ಮದುವೆ. ತಂದೆ-ತಾಯಿ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯಲ್ಲೇ ಬೆಳೆದವಳು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರೆ ಹಾದಿಯಲ್ಲಿ ಹೋಗುವವರು ನಿಂತು ಕೇಳಬೇಕು, ಅಂಥ ಕಂಠ. ಆದರೆ ಕನ್ಯೆ ನೋಡಲು ಬಂದವರು "ಒಂದು ಹಾಡು ಹೇಳವ್ವಾ" ಎಂದರೆ ತೀರಿತು. ಕಂಠ ಹೊಟ್ಟೆಯೊಳಗೆ ಇಳಿದು ಕೂಡುತ್ತಿತ್ತು. ಮೊದಲು ಬಂದವರು ಹುಡುಗಿಗೆ ಧ್ವನಿ ಇಲ್ಲ ಎಂದು ಹೋದರು. ಎರಡನೆಯವರು ಹೊಸ್ತಿಲು ದಾಟುವಾಗ ನನ್ನ ಹೆಂಡತಿ ಗಿರಿಜಾಳನ್ನು ಕರೆದು, "ಹುಡುಗಿ ಮೂಕಿ ಅಲ್ಲಲ್ರಿ?" ಎಂದು ಕೇಳಿದರು. ಆ ದಿನ ಶಾಂತಾ ಊಟ ಮಾಡಲಿಲ್ಲ.

ಮೂರನೆಯ ಸಂಬಂಧ ನರಗುಂದದ್ದು. ತಂದೆ ಶಿವಪ್ಪನವರು ಕಾಳಿನ ವ್ಯಾಪಾರಿ, ಮಗ ಸಾಲಿ ಮಾಸ್ತರ. ಮಾಸ್ತರರಿಗೆ ಹಾಡೆಂದರೆ ಪ್ರಾಣವಂತೆ. ಒಂದು ತಿಂಗಳಲ್ಲಿ ಬರುತ್ತೇವೆಂದು ಹೇಳಿಕಳಿಸಿದ್ದರು. ಇದೂ ತಪ್ಪಿದರೆ ಶಾಂತಾ ಇನ್ನು ಯಾರ ಮುಂದೆಯೂ ಬಂದು ಕೂಡುವುದಿಲ್ಲ ಎಂದು ಗಿರಿಜಾ ಹೇಳಿದಳು. ನಾನು ಗಂಭೀರವಾಗಿ ಆಲೋಚಿಸಿ ಒಂದು ನಿರ್ಣಯಕ್ಕೆ ಬಂದೆ. ಪಕ್ಕದಲ್ಲೊಂದು ವಾದ್ಯವಿದ್ದರೆ ಕಂಠಕ್ಕೆ ಧೈರ್ಯ ಬರುತ್ತದೆ. ಅದನ್ನು ಸ್ವಂತ ಅಣ್ಣನೇ ನುಡಿಸಿದರೆ ಇಮ್ಮಡಿ ಧೈರ್ಯ!

ಆ ವಾದ್ಯ ನನಗೆ ಗಜೇಂದ್ರಗಡದಲ್ಲಿ ಸಿಕ್ಕಿತು. ವಕೀಲರ ಕಾಗದವೊಂದನ್ನು ಮುಟ್ಟಿಸಲು ಹೋದವನು ಹುಸೇನಸಾಬರ ಹೊಲಿಗೆ ಅಂಗಡಿಯ ಮುಂದೆ ನಿಂತುಬಿಟ್ಟೆ. ಅವರು ಉಳಿದ ದಿನ ಅಂಗಿ ಹೊಲಿಯುವರು, ಮದುವೆಯ ದಿನಗಳಲ್ಲಿ ಬಾಜಾದವರ ಜೊತೆ ಬ್ಯಾಂಜೋ ನುಡಿಸುವರು. ವಿಲಾಯತಿ ಬ್ಯಾಂಜೋ ಬೇರೆ ಇದೆಯಂತೆ, ನಾನು ಕಂಡಿಲ್ಲ. ನಮ್ಮ ಕಡೆಯ ಬ್ಯಾಂಜೋ ಎಂದರೆ ತೊಡೆಯುದ್ದದ ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೆ ಬಿಗಿದ ತಂತಿ, ತಂತಿಯ ಮೇಲೆ ಸಾಲುಸಾಲಾಗಿ ಗುಂಡಿಗಳು. ದುಂಡನೆಯ, ನುಣುಪಾದ, ಥೇಟ್ ಟೈಪ್‌ರೈಟರಿನ ಗುಂಡಿಗಳು! ನನ್ನ ಹತ್ತೂ ಬೆರಳುಗಳು ಒಮ್ಮೆಲೇ ತುರಿಸತೊಡಗಿದವು.

"ನಾ ರೋಣದ ವಕೀಲರ ಟೈಪಿಸ್ಟ್ ಅದೀನಿ, ಇದು ನನಗ ಬರತೈತ್ರಿ," ಎಂದೆ.

"ಯಾರ ಕಡೆ ಕಲ್ತೀರಿ?"

"ಕಲಿಯೋದೇನೈತಿ?" ಎಂದು ಹತ್ತೂ ಬೆರಳು ಇಟ್ಟು ಭರ್ಜರಿಯಾಗಿ ಎರಡು ಸಾಲು ಒತ್ತಿದೆ. ಟಕಟಕ ಟಕಟಕ. ಸಂಗೀತ ಮಾತ್ರ ಹೊರಡಲಿಲ್ಲ.

ಹುಸೇನಸಾಬರು ಬಾಯಲ್ಲಿದ್ದ ಸೂಜಿ ತೆಗೆದು ಅಂಗಿಗೆ ಚುಚ್ಚಿಕೊಂಡರು. "ಟೈಪಿಸ್ಟ್ ಸಾಹೇಬ್ರ, ಎರಡೂ ಕೈ ಗುಂಡಿ ಮ್ಯಾಲ ಇಟ್ರ ತಂತಿ ಮೀಟೋರು ಯಾರ್ರಿ? ನಿಮ್ಮ ವಕೀಲ್ರನ್ನ ಕರಸೋಣೇನು?"

ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಲ್ಲಿ ಚಕ್ಕೆ ಹಿಡಿದು ತಂತಿ ಮೀಟಬೇಕು ಎಂದು ಅವರು ತೋರಿಸಿದರು. "ಮದಲ ಆರು ತಿಂಗಳು ಬರೇ ಝಣಝಣ ಅನಸ್ರಿ. ಹಾಡಿನ ಚಾಲ, ಅಂದ್ರ ಧಾಟಿ, ಎತ್ತೋದು ಆಮ್ಯಾಲ. ಚಾಲ ಎತ್ತಾಕ ಬೆರಳಲ್ರಿ, ಕಿವಿ ಬೇಕು."

"ನನಗ ಒಂದ ತಿಂಗಳದಾಗ ಚಾಲ ಬೇಕ್ರಿ. ತಂಗಿ ಮದುವಿ ವಿಷಯ."

ತಂಗಿ ಎಂದ ಕೂಡಲೇ ಅವರ ಮುಖ ಮೆತ್ತಗಾಯಿತು. ಹಳೆಯದೊಂದು ಬ್ಯಾಂಜೋ ತೆಗೆದು ಒರೆಸಿ ಕೊಟ್ಟರು. "ಒಯ್ರಿ. ಆದ್ರ ನನ್ನ ಹೆಸರು ಎಲ್ಲೂ ಹೇಳಬ್ಯಾಡ್ರಿ," ಎಂದರು. ವಿನಯವೆಂದುಕೊಂಡೆ.

ಕಿವಿಯನ್ನು ನಂಬುವುದು ಅಕ್ಷರಸ್ಥರ ಲಕ್ಷಣವಲ್ಲ. ನಾನು ಬ್ಯಾಂಜೋದ ಗುಂಡಿಗಳಿಗೆ ಸಣ್ಣ ಚೀಟಿಯ ಮೇಲೆ ನಂಬರು ಬರೆದು ಅಂಟಿಸಿದೆ. ಶಾಂತಾಳನ್ನು ಎದುರಿಗೆ ಕೂಡಿಸಿಕೊಂಡು, ನಮ್ಮ ಅವ್ವ ಕಲಿಸಿದ್ದ ದೇವರ ಹಾಡನ್ನು ತುಂಡುತುಂಡಾಗಿ ಹೇಳಿಸಿ, ಒಂದೊಂದು ಸ್ವರಕ್ಕೂ ಗುಂಡಿ ಹುಡುಕಿ ನಂಬರು ಹಾಕಿಕೊಂಡೆ. ಐದು, ಐದು, ಏಳು, ಎಂಟು, ಏಳು, ಐದು. ಹೀಗೆ ಎರಡು ಪುಟ. ಕಾರ್ಬನ್ ಇಟ್ಟು ಮೂರು ಪ್ರತಿ ಟೈಪು ಮಾಡಿದೆ. ನನಗೊಂದು, ಶಾಂತಾಳಿಗೊಂದು, ದಫ್ತರಕ್ಕೊಂದು.

"ಅಣ್ಣಾ, ಹಾಡು ನನಗ ಬರತೈತಿ," ಎಂದಳು ಶಾಂತಾ.

"ಬರಲಿ. ಪ್ರತಿ ಇರಬೇಕು," ಎಂದೆ.

ಮುಂಜಾನೆ ಎದ್ದು ಅಭ್ಯಾಸ ಶುರುಮಾಡಿದೆ. ಎಡಗೈ ಒತ್ತಿದಾಗ ಬಲಗೈ ಮರೆಯುತ್ತಿತ್ತು, ಬಲಗೈ ಮೀಟಿದಾಗ ಎಡಗೈ ಬೇರೆಲ್ಲೋ ಇರುತ್ತಿತ್ತು. ಕಿರ್ ಎನ್ನುವುದು, ಟಿಂವ್ ಎನ್ನುವುದು, ಒಮ್ಮೊಮ್ಮೆ ಎರಡನ್ನೂ ಒಟ್ಟಿಗೆ ಎನ್ನುವುದು. ನಾಲ್ಕನೆಯ ದಿನ ಪಕ್ಕದ ಮನೆಯ ನೀಲವ್ವಾಯಿ ಕೈಯಲ್ಲಿ ಕುಸುಬಿ ಎಣ್ಣೆಯ ಬಟ್ಟಲು ಹಿಡಿದು ಬಂದಳು.

"ತಮ್ಮಾ, ಮುಂಜಾನಿ ನಿಮ್ಮ ಬಾವಿ ರಾಟಿ ಭಾಳ ಒದರತೈತಿ. ತಗೊ, ಎಣ್ಣಿ ಬಿಡು."

ಗಿರಿಜಾ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. "ರಾಟಿ ಅಲ್ಲಬೇ, ಇವರು!" ಎಂದಳು.

ನೀಲವ್ವಾಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಹಂಗಾರ ಇದು ಎಣ್ಣಿಗೆ ಆಗೋದಲ್ಲ," ಎಂದು ಬಟ್ಟಲು ವಾಪಸು ಒಯ್ದಳು.

ಮನೆಯಲ್ಲಿ ಹೀಗೆ ಪ್ರೋತ್ಸಾಹ ಇಲ್ಲದ್ದರಿಂದ ಕಚೇರಿಯಲ್ಲೇ ಅಭ್ಯಾಸ ಮುಂದುವರಿಸಿದೆ. ಬ್ಯಾಂಜೋ ಒಯ್ಯುವಂತಿರಲಿಲ್ಲ. ಟೈಪ್‌ರೈಟರ್ ಇತ್ತಲ್ಲ! ಎಡಗೈಯಿಂದ ಹಾಡಿನ ನಂಬರು ಒತ್ತುವುದು, ಬಲಗೈಯಿಂದ ಗಾಳಿ ಮೀಟುವುದು. ಒಂದು ಮಧ್ಯಾಹ್ನ ಲಕ್ಕಲಕಟ್ಟಿಯ ರೈತನೊಬ್ಬನ ಬದುವಿನ ದಾವೆ ಟೈಪು ಮಾಡುತ್ತ, "ಸರ್ವೆ ನಂಬರು" ಎನ್ನುವಲ್ಲಿಗೆ ಬಂದು ನಿಂತೆ. ನಂಬರು ಎಂಬ ಮಾತು ಕಂಡದ್ದೇ ತಡ, ಬೆರಳು ತಾನಾಗಿ ಹಾಡಿಗೆ ಇಳಿಯಿತು.

ವಕೀಲರು ಅವಸರದಲ್ಲಿ ಓದದೆ ಸಹಿ ಹಾಕಿದರು. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಎದ್ದುನಿಂತು, ವಾದಿಯು ಒಂದು ಬದುವಿಗಾಗಿ ಬಂದು ಇಪ್ಪತ್ತಾರು ಹೊಲ ಕೇಳುತ್ತಿದ್ದಾನೆ, ಅದರಲ್ಲೂ ಐದನೆಯ ನಂಬರಿನ ಹೊಲವನ್ನು ಒಂಬತ್ತು ಸಲ ಕೇಳುತ್ತಿದ್ದಾನೆ ಎಂದು ನಿವೇದಿಸಿದರು. ನ್ಯಾಯಾಧೀಶರು ಕನ್ನಡಕ ತೆಗೆದರು. ನಮ್ಮ ವಕೀಲರು ಬೆವರು ಒರೆಸಿಕೊಂಡರು. ರೈತ ಮಾತ್ರ ಕೈಮುಗಿದು, "ಸಾಹೇಬ್ರ, ಇಷ್ಟು ಹೊಲ ನಂದೈತಿ ಅಂತ ನನಗ ಗೊತ್ತ ಇರಲಿಲ್ರಿ!" ಎಂದ.

ಅಂದು ಸಂಜೆ ವಕೀಲರು ನನಗೆ ಹೇಳಿದ ಮಾತುಗಳ ಪ್ರತಿಯನ್ನು ನಾನು ದಫ್ತರದಲ್ಲಿ ಇಟ್ಟಿಲ್ಲ.

ಅಂತೂ ಆ ದಿನ ಬಂತು. ನಾನು ಬೆಳಗಿನಿಂದ ಎರಡು ನಿಮಿಷ ಕೂತವನಲ್ಲ. ಜಮಖಾನೆ ಹಾಸಿದೆ, ತೆಗೆದೆ, ಮತ್ತೆ ಹಾಸಿದೆ. ಬಾಗಿಲಿಗೂ ಓಣಿಯ ತಿರುವಿಗೂ ನಡುವೆ ಹಾದಿ ಸವೆಸಿದೆ.

"ಏನ್ರಿ, ಒಂದ ಮಾತು ಕೇಳ್ರಿ," ಎಂದಳು ಗಿರಿಜಾ. "ಆ ಪೆಟಿಗಿ ಒಳಗ ಇಡ್ರಿ. ಶಾಂತಾ ಹಾಡಿದ್ರ ಹಾಡತಾಳ, ಬಿಟ್ರ ಬಿಡತಾಳ."

"ಇಂಥಾ ಹೊತ್ತಿನ್ಯಾಗ ಅಣ್ಣ ಕೈ ಬಿಡಬೇಕೇನು?"

"ಕೈ ಬಿಡಬ್ಯಾಡ್ರಿ. ಕೈ ಕಟ್ಟಿ ಕುಂದರ್ರಿ ಸಾಕು."

ಹೆಂಗಸರಿಗೆ ಸಂಗೀತ ತಿಳಿಯುವುದಿಲ್ಲ ಎಂದುಕೊಂಡೆ.

ನರಗುಂದದವರು ಬಂದರು. ಶಿವಪ್ಪನವರು ಹಾಲಿನಂಥ ಧೋತರ ಉಟ್ಟು ನನ್ನ ಬಲಕ್ಕೆ ಕೂತರು. ಮಾಸ್ತರರು ಎದುರಿಗೆ. ಶಾಂತಾ ಎಡಕ್ಕೆ, ತಲೆ ಬಗ್ಗಿಸಿಕೊಂಡು. ಗಿರಿಜಾ ಎಲ್ಲರಿಗೂ ರವೆಯ ಶಿರಾದ ತಾಟು ಕೊಟ್ಟಳು. ನಾಲ್ಕು ಮಾತಾದ ಮೇಲೆ ಶಿವಪ್ಪನವರು, "ಒಂದು ಹಾಡು ಅನ್ನವಾ," ಎಂದರು. ಶಾಂತಾ ತಲೆಯನ್ನು ಇನ್ನಷ್ಟು ಬಗ್ಗಿಸಿದಳು. ಕೂಡಲೇ ನುಣುಪಾದ ಮಣೆಯ ಮೇಲೆ ಬ್ಯಾಂಜೋ ಇಟ್ಟು, "ಅಂಜಬ್ಯಾಡ, ನಾ ಅದೀನಿ!" ಎಂದು ಶುರುಮಾಡಿಯೇಬಿಟ್ಟೆ.

ಮೊದಲ ಸಾಲು ತಪ್ಪಿಲ್ಲದೆ ಬಂತು. ಶಾಂತಾ ಸಣ್ಣ ಧ್ವನಿಯಲ್ಲಿ ಜೊತೆಗೂಡಿದಳು. ಆದರೆ ಟೈಪಿಸ್ಟನ ಎಡಗೈಗೆ ಒಂದು ಹುಟ್ಟುಗುಣವಿದೆ. ಸಾಲು ಮುಗಿದರೆ ಅದು ಯಂತ್ರದ ತಲೆಯನ್ನು ಬಲಕ್ಕೆ ದೂಡಿ ಹೊಸ ಸಾಲಿಗೆ ಬರುತ್ತದೆ. ಹನ್ನೊಂದು ವರ್ಷದ ರೂಢಿ! ಸಾಲು ಮುಗಿಯಿತು, ಕೈ ದೂಡಿತು, ಬ್ಯಾಂಜೋ ನಾಲ್ಕು ಬೆರಳು ಬಲಕ್ಕೆ ಜಾರಿತು. ಶಿವಪ್ಪನವರು ಇದೂ ಒಂದು ಪದ್ಧತಿಯೆಂದು ತಿಳಿದು ಸ್ವಲ್ಪ ಸರಿದು ಕೂತರು.

ಎರಡನೆಯ ಸಾಲು. ಅಂಜಿಕೆಗೆ ನನ್ನ ವೇಗ ಹೆಚ್ಚಿತು. ಶಾಂತಾ ಹಾಡಿನ ಲಯ ಬಿಟ್ಟು ನನ್ನ ವೇಗದ ಬೆನ್ನು ಹತ್ತಿದಳು. ಸಾಲು ಮುಗಿಯಿತು. ದೂಡಿದೆ. ಶಿವಪ್ಪನವರು ಗೋಡೆಗೆ ಒತ್ತಿಕೊಂಡರು. ಇನ್ನು ಅವರಿಗೆ ಸರಿಯಲು ಜಾಗವಿರಲಿಲ್ಲ.

ಮೂರನೆಯ ಸಾಲು ಹೇಗೆ ಮುಗಿಯಿತೋ ದೇವರೇ ಬಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ದೂಡಿದೆ. ಬ್ಯಾಂಜೋ ಮಣೆ ಬಿಟ್ಟು ಹಾರಿ ಅವರ ಮುಂದಿನ ತಾಟಿಗೆ ಬಡಿಯಿತು. ತಾಟು ಮಗುಚಿತು. ತುಪ್ಪದ ಶಿರಾ ಅಷ್ಟೂ ಶಿವಪ್ಪನವರ ಧೋತರದ ಮೇಲೆ!

ಮೂರನೆಯ ಸಂಬಂಧವನ್ನು ನಾನೇ ಕೈಯಾರೆ ಮುರಿದೆನಲ್ಲ! ಏನಾದರೂ ಮಾಡಿ ಸರಿಪಡಿಸಬೇಕಿತ್ತು. ಬ್ಯಾಂಜೋ ಎಳೆದುಕೊಂಡು, "ತಪ್ಪಾತ್ರಿ, ಮದಲಿಂದ ಹಿಡೀತೀನಿ," ಎಂದೆ.

"ಬ್ಯಾಡೋ ಅಣ್ಣಾ!" ಎಂದು ಶಾಂತಾ ಚೀರಿದಳು. ನಾನು ಚಕ್ಕೆ ಎತ್ತುವಷ್ಟರಲ್ಲಿ ತಲೆ ಎತ್ತಿ ಹಾಡತೊಡಗಿದಳು. ಅದೇ ಕಂಠ, ಬೀಸುವ ಕಲ್ಲಿನ ಮುಂದಿನ ಕಂಠ! ಹಾಡು ಮುಗಿಯಿತು, ನನ್ನ ಕೈ ಅಲುಗಿತು. ಅವಳು ಉಸಿರು ತೆಗೆದುಕೊಳ್ಳದೆ ಎರಡನೆಯ ಹಾಡು ಎತ್ತಿಕೊಂಡಳು. ಅದು ಮುಗಿಯುವ ಮೊದಲೇ ಮೂರನೆಯದು. ನಾನು ನುಸುಳಲು ಒಂದು ಸಂದು ಸಹ ಬಿಡಲಿಲ್ಲ. ನಾಲ್ಕು ಹಾಡು ಹೇಳಿದಳು. ಮಾಸ್ತರರು ಶಿರಾ ಮರೆತು ಕೂತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

"ಮಂದಿ ಮುಂದ ಹಾಡಾಕ ಅಂಜಿಕಿ ಬರಲಿಲ್ಲೇನು?" ಎಂದು ಮಾಸ್ತರರು ಕೇಳಿದರು.

"ಅಂಜಿಕಿ ಬಂದಿತ್ರಿ. ಆದ್ರ ನಿಮ್ಮದಲ್ಲ, ಅಣ್ಣಂದು," ಎಂದಳು ಶಾಂತಾ. ಮೊದಲು ನಕ್ಕವರು ಶಿವಪ್ಪನವರು, ಶಿರಾದ ಧೋತರದಲ್ಲೇ.

ಮುಂದಿನ ವಾರ ಯಾದಿ ಬರೆಯಲು ಹಿರಿಯರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಕೊಡುವುದು ಬಿಡುವುದು ಎಲ್ಲವನ್ನೂ ಕಾಗದದ ಮೇಲೆ ಬರೆದು, ಅರಿಷಿಣ-ಕುಂಕುಮ ಹಚ್ಚಿ, ಎರಡೂ ಕಡೆಯವರು ಸಹಿ ಹಾಕುವುದು ನಮ್ಮ ಕಡೆಯ ಪದ್ಧತಿ. ಏನು ಕೇಳುವರೋ ಎಂದು ನಾನು ಕೂತಲ್ಲೇ ಮಿಸುಕಾಡುತ್ತಿದ್ದೆ. ಶಿವಪ್ಪನವರು ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು, "ನಮಗ ಏನೂ ಬ್ಯಾಡ್ರಿ. ಬಂಗಾರದಂಥಾ ಹುಡುಗಿ. ಒಂದ ಕರಾರಿನ ಕಲಮು ಬರೀರಿ," ಎಂದರು.

ಬರೆದದ್ದು ಇಷ್ಟೇ: "ಕನ್ಯೆಯ ಅಣ್ಣನವರು ಮದುವೆಯ ಹಂದರದಲ್ಲಾಗಲಿ, ಮುಂದೆ ಬೀಗರ ಮನೆಯಲ್ಲಾಗಲಿ, ಬ್ಯಾಂಜೋ ಮುಟ್ಟತಕ್ಕದ್ದಲ್ಲ."

ನಾನು ಸಹಿ ಹಾಕಿದೆ. ಕೆಳಗೆ ಇಬ್ಬರು ಸಾಕ್ಷಿದಾರರು ಬೇಕಿತ್ತು. ಮೊದಲು ಗಿರಿಜಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಅವಳ ಹಿಂದೆ ನೀಲವ್ವಾಯಿ, ಹೆಬ್ಬೆಟ್ಟಿಗೆ ಮನೆಯಲ್ಲೇ ಮಸಿ ಹಚ್ಚಿಕೊಂಡು ಬಂದಿದ್ದಳು. ಹೊರಗೆ ನೋಡಿದರೆ ನಮ್ಮ ಓಣಿಗೆ ಓಣಿಯೇ ಸಾಲುಗಟ್ಟಿ ನಿಂತಿತ್ತು.