ಹವಾಲ್ದಾರ್ ಮಾವನ ಸಾರಿನ ರಿಜಿಸ್ಟರು

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಯಾರನ್ನೂ "ಚೆನ್ನಾಗಿದ್ದೀರಾ?" ಎಂದು ಕೇಳಿದವರಲ್ಲ! ಎದುರಿಗೆ ಸಿಕ್ಕವರು ಮದುಮಗನಾಗಲಿ, ಈಗಷ್ಟೇ ಆಸ್ಪತ್ರೆಯಿಂದ ಬಂದವರಾಗಲಿ, ಅವರದು ಒಂದೇ ಪ್ರಶ್ನೆ: "ಇವೊತ್ತು ಏನ್ ಸಾರು?"

ಸೇನೆಯಲ್ಲಿ ಹವಾಲ್ದಾರರಾಗಿದ್ದವರು. ನಿವೃತ್ತರಾದ ಮೇಲೆ ಮೀಸೆಯನ್ನೂ ಮೊಪೆಡ್ಡನ್ನೂ ಒಂದೇ ಎಣ್ಣೆಯಲ್ಲಿ ಸಾಕಿದವರು ಎಂದು ನನ್ನ ಗುಮಾನಿ. ಎರಡರಿಂದಲೂ ಒಂದೇ ವಾಸನೆ!

ಮಧುಗಿರಿಯಲ್ಲಿ ಸೈನಿಕ ಕುಟುಂಬಗಳಿಗೊಂದು ನೆರವು ಕೇಂದ್ರವಿದೆ. ಶಿರಾ, ಕೊರಟಗೆರೆ, ಪಾವಗಡವೂ ಸೇರಿ ನಾಲ್ಕು ತಾಲ್ಲೂಕು ನಮ್ಮ ಪಾಲಿಗೆ. ಗಂಡ ಗಡಿಯಲ್ಲಿರುವ ಹೆಂಗಸರು, ಊರಿಗೆ ಬಂದರೂ ಮನಸ್ಸನ್ನು ಗಡಿಯಲ್ಲೇ ಬಿಟ್ಟು ಬಂದ ಗಂಡಸರು, ಯಾರಿಗೆ ಕಷ್ಟವಾದರೂ ಇಲ್ಲಿಗೆ ಫೋನು ಮಾಡಬಹುದು. ಮಾಡದಿದ್ದರೆ ವಾರಕ್ಕೊಮ್ಮೆ ನಾವೇ ಮಾಡುತ್ತೇವೆ. ಒಬ್ಬರಿಗೆ ಡಾಕ್ಟರು, ಇನ್ನೊಬ್ಬರಿಗೆ ಪಿಂಚಣಿ ಕಾಗದ, ಮತ್ತೊಬ್ಬರಿಗೆ ಗಂಡನ ಯೂನಿಟ್ಟಿನಿಂದ ಸುದ್ದಿ. ಇದನ್ನೆಲ್ಲ ಹೊಂದಿಸುವ ಸಂಯೋಜಕಿ ನಾನು. ಬರೀ ಸಂಯೋಜಕಿಯಲ್ಲ, ಎಂ.ಎಸ್.ಡಬ್ಲ್ಯೂ! ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಕಲಿತವರೇ ಇಬ್ಬರು. ಡಿಗ್ರಿ ಕಂಡವಳು ನಾನೊಬ್ಬಳೇ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ್ದೇನೆ. ನಮ್ಮವ್ವ ಅದಕ್ಕೂ ಕುಂಕುಮ ಇಡುತ್ತಾಳೆ.

ಮಾವ ಇಲ್ಲಿ ಸಂಬಳವಿಲ್ಲದ ಸೇವಕರು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಫೋನಿನ ಮುಂದಿನ ಕುರ್ಚಿಯೇ ಅವರ ಮನೆ. ಮಲಗುವುದಕ್ಕೆ ಮಾತ್ರ ಇನ್ನೊಂದು ಮನೆಯಿತ್ತು.

ನನ್ನ ಬಳಿ ಹನ್ನೆರಡು ಪ್ರಶ್ನೆಗಳ ನಮೂನೆ. ನಿದ್ರೆ ಬರುತ್ತದೆಯೇ? ಆತಂಕವಿದೆಯೇ? ಅವರ ಬಳಿ ಒಂದು ರಿಜಿಸ್ಟರು. ಅದರ "ಮನಸ್ಸಿನ ಸ್ಥಿತಿ" ಎಂಬ ಅಂಕಣದಲ್ಲಿ ಮಾವ ಬರೆದದ್ದು ನೋಡಿ: "ಹುರುಳಿಕಾಳು ಬಸ್ಸಾರು." "ಉಪ್ಸಾರು. ಖಾರ ಜಾಸ್ತಿ." ಶಿರಾದ ಒಬ್ಬ ಯೋಧನ ತಾಯಿಯ ಹೆಸರಿನ ಮುಂದೆ: "ದಾಲ್ಚಾ. ಕರೆದರು. ಹೋಗಿದ್ದೆ."

"ಮಾವ, ಇದು ಮನಸ್ಸಿನ ಸ್ಥಿತಿನಾ?"

"ಮತ್ತಿನ್ನೇನು ಕಣಮ್ಮ? ಬಸ್ಸಾರು ಅಂದ್ರೆ ಕಾಳು ಬೇಯಿಸ್ಬೇಕು, ಸೊಪ್ಪು ಬಿಡಿಸ್ಬೇಕು, ಬಸೀಬೇಕು, ಖಾರ ರುಬ್ಬಬೇಕು. ಮನ್ಸು ನೆಟ್ಟಗಿಲ್ದೋರ ಕೈಲಿ ಆಯ್ತದಾ? ನಾನು ಗಡೀಲಿದ್ದಾಗ ನಿಮ್ಮತ್ತೆ ಫೋನಲ್ಲಿ ಸಾರಿನ ಹೆಸ್ರು ಹೇಳಿದ್ರೆ ಸಾಕು, ಮನೆ ಸಂಗ್ತಿಯೆಲ್ಲ ತಿಳೀತಿತ್ತು."

"ಮಜ್ಜಿಗೆ ಅಂದ್ರೆ?"

"ಒಂದಿನ ಮಜ್ಜಿಗೆ ಅಂದ್ರೆ ಬಿಸ್ಲು. ಮಾರನೆ ದಿನ ಕೇಳಿದ್ರೂ ಮಜ್ಜಿಗೇನೇ ಅಂದ್ರೆ, ಮೊಪೆಡ್ಡು ಹತ್ತಿ ಹೊರಡೋದೇ!"

ಹೋದ ಬೇಸಿಗೆಯಲ್ಲಿ ಬಲಸಮುದ್ರದ ಒಬ್ಬ ಯೋಧನ ಹೆಂಡತಿಗೆ ನಾನು ಫೋನು ಮಾಡಿದೆ. ಹನ್ನೆರಡು ಪ್ರಶ್ನೆಗೂ ಆಕೆಯದು ಒಂದೇ ಉತ್ತರ: "ಚೆನ್ನಾಗಿದೀನಿ ಮೇಡಂ." ಹಸಿರು ಗುರುತು ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಮಾವ ಫೋನು ಕಿತ್ತುಕೊಂಡರು. ಪಾವಗಡದ ಕಡೆಯವರೆಂದರೆ ಅವರ ಸಾರಿನ ಪ್ರಶ್ನೆಯೂ ತೆಲುಗಿನಲ್ಲೇ ಉಕ್ಕಿ ಬರುತ್ತದೆ.

"ಏಮಿ ಕೂರಮ್ಮಾ?"

"ಹಿತಕಿದ ಬೇಳೆ ಸಾರು ಮಾವ."

ಫೋನಿಟ್ಟವರೇ ಹೆಲ್ಮೆಟ್ಟು ಎತ್ತಿಕೊಂಡರು.

"ಎಲ್ಲಿಗೆ ಮಾವ? ಆಕೆ ಚೆನ್ನಾಗೇ ಇದಾಳಲ್ಲ!"

"ಲೇ, ಹಿತಕೋಕೆ ಹಸಿ ಅವರೇಕಾಯಿ ಬೇಡ್ವಾ? ಚಳಿಗಾಲ್ದ ಕಾಯಿ ಈ ಬಿಸ್ಲಲ್ಲಿ ಎಲ್ಲಿ ಬಿಟ್ಟೈತೆ, ಅವ್ರೂರ ತುಂಬ ಹಾಸಿರೋ ಸೋಲಾರ್ ಪ್ಲೇಟ್ ಮೇಲಾ? ಸುಳ್ಳು ಹೇಳ್ತಾವ್ಳೆ. ಗಾಡಿ ಹತ್ತು!"

ಹೋಗಿ ನೋಡಿದರೆ ಒಲೆಯಲ್ಲಿ ಬೆಕ್ಕು ಮಲಗಿತ್ತು. ಹನ್ನೆರಡು ದಿನದಿಂದ ಗಂಡನ ಫೋನಿಲ್ಲ. ಆಕೆ ಯಾರಿಗೂ ಹೇಳಿಲ್ಲ. ಮಾವ ಸಮಾಧಾನ ಹೇಳಿದರೇ? ಛೆ! ಗೋಡೆಗೊರಗಿ ಕುಳಿತು, "ಹಸಿವಾಯ್ತದೆ, ಒಂದ್ ಮುದ್ದೆ ಹಾಕವ್ವ" ಎಂದರು. ಬೆಕ್ಕು ಎದ್ದಿತು, ಒಲೆ ಹೊತ್ತಿತು, ಆಕೆಯ ಅಳುವೂ ಹೊರಗೆ ಬಂತು. ಮುದ್ದೆ ಬೇಯುವಷ್ಟರಲ್ಲಿ ಮಾವ ಅಂಗಳದಲ್ಲಿ ನಿಂತು, ಫೋನೇ ಬೇಡವೆನ್ನುವಷ್ಟು ಜೋರಾಗಿ ಹಿಂದಿಯಲ್ಲಿ ಯೂನಿಟ್ಟಿನವರ ಜೊತೆ ಮಾತಾಡಿದರು. ಸಂಜೆಗೆ ಗಂಡನೇ ಫೋನಿಗೆ ಬಂದ. ಬೆಟ್ಟದ ಮೇಲೆ ಸಿಗ್ನಲ್ ಇರಲಿಲ್ಲವಂತೆ! ಆಮೇಲೆ ಆಕೆಯನ್ನು ಡಾಕ್ಟರ ಬಳಿ ಕರೆದೊಯ್ದದ್ದು ನಾನು. ರಿಜಿಸ್ಟರಿನಲ್ಲಿ ಮಾವ ಬರೆದರು: "ಹುಣಸೆ ಗೊಜ್ಜು. ಉಪ್ಪು ಮರೆತಿದ್ದಾಳೆ. ಪರವಾಗಿಲ್ಲ."

ಇಷ್ಟಾದ ಮೇಲೆ ನನಗೆ ಬುದ್ಧಿ ಬರಬೇಕಿತ್ತು, ಅಲ್ಲವೇ? ಆದರೆ ಎಂ.ಎಸ್.ಡಬ್ಲ್ಯೂ ಬಂದಿತ್ತಲ್ಲ, ಬುದ್ಧಿಗೆ ಜಾಗವೆಲ್ಲಿ! ಈ ಯುಗಾದಿ ಕಳೆದ ಮೇಲೆ ತಿಂಗಳ ವರದಿಯಲ್ಲಿ ನಾನೇ ಬರೆದೆ: "ಫೋನಿನ ರಿಜಿಸ್ಟರು ನಮೂನೆಯಂತೆ ಇಲ್ಲ."

ಮೇಲಿನ ಕಚೇರಿಯಿಂದ ಸಾಹೇಬರು ಬಂದೇಬಿಟ್ಟರು. ರಿಜಿಸ್ಟರು ತಿರುವಿ, "ಇದು ನೆರವು ಕೇಂದ್ರಾನೋ, ಮಿಲಿಟರಿ ಹೋಟ್ಲೋ?" ಎಂದರು.

ಮಾವ ಅಟೆನ್ಷನ್ನಿನಲ್ಲಿ ನಿಂತು, "ಸಾಹೇಬ್ರೆ, ನಿಮ್ಮನೇಲಿ ಇವೊತ್ತು ಏನ್ ಸಾರು?"

ಸಾಹೇಬರು ಯೋಚಿಸಿದರು. ಗೊತ್ತಿರಲಿಲ್ಲ!

"ಹಂಗಾದ್ರೆ ಒಂದ್ಸಲಿ ಮನೆಗೆ ಫೋನ್ ಮಾಡ್ಬುಡಿ ಸಾರ್."

ನಾನು ನಕ್ಕುಬಿಟ್ಟೆ. ಸಾಹೇಬರು ನಗಲಿಲ್ಲ. ತರಬೇತಿ ಪಡೆದವರಲ್ಲದೆ ಬೇರೆ ಯಾರೂ ಫೋನು ಮುಟ್ಟಕೂಡದೆಂದು ಆಜ್ಞೆಯಾಯಿತು. ಮಾವ ಕುರ್ಚಿಗೊಂದು ಸೆಲ್ಯೂಟು ಹೊಡೆದು, ಅದರ ಬೆನ್ನಿಗೆ ಹಾಕಿದ್ದ ಟವೆಲನ್ನು ಮಡಿಸಿಕೊಂಡರು. ಬಾಗಿಲಲ್ಲಿ ನಿಂತು, "ನೀನು ಬರ್ದಿದ್ದು ಸರಿಯಾಗೇ ಐತೆ ಬುಡು. ಓದಿರೋಳು" ಎಂದರು. ವರದಿ ಬರೆದದ್ದು ಯಾರೆಂದು ಅವರಿಗೆ ನಾನು ಹೇಳಿರಲಿಲ್ಲ.

ಹತ್ತು ದಿನವಾಯಿತು. ಬಲಸಮುದ್ರದವಳಿಗೆ ನಾನು ಹನ್ನೆರಡು ಪ್ರಶ್ನೆ ಕೇಳಿದರೆ ಹನ್ನೆರಡಕ್ಕೂ "ಚೆನ್ನಾಗಿದೀನಿ ಮೇಡಂ." ಕೊನೆಗೆ ಆಕೆಯೇ ಕೇಳಿದಳು: "ಮಾವ ಯಾಕೆ ಮಾತಾಡಲ್ಲ? ಉಂಡವ್ರಾ?"

ಉಂಡಿದ್ದಾರೆಯೇ? ನನಗೆ ಗೊತ್ತಿರಲಿಲ್ಲ! ಆ ಸಾಹೇಬರಿಗೂ ನನಗೂ ಏನು ವ್ಯತ್ಯಾಸ? ಆ ಸುಡುಬಿಸಿಲ ಮಧ್ಯಾಹ್ನವೇ ಮಾವನಿಗೆ ಫೋನು ಮಾಡಿದೆ.

"ಏನ್ ಸಾರು ಮಾವ?"

"ಹಿತಕಿದ ಬೇಳೆ ಸಾರು ಕಣಮ್ಮ. ಚೆನ್ನಾಗೈತೆ."

ನಾನು ಹೆಲ್ಮೆಟ್ಟು ಎತ್ತಿಕೊಂಡೆ.

ಮಾವನ ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ತಳದ ಮೇಲೆ ಧೂಳು ಕೂತಿತ್ತು. ಮೀಸೆಗೆ ಎಣ್ಣೆ ಕಂಡು ದಿನಗಳಾಗಿದ್ದವು.

"ಯಾಕ್ ಬಂದ್ಯೇ ಈ ಬಿಸ್ಲಲ್ಲಿ?"

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು ಗೋಡೆಗೊರಗಿ ಕುಳಿತೆ.

"ಹಸಿವಾಯ್ತದೆ ಮಾವ. ಒಂದ್ ಮುದ್ದೆ ಹಾಕು."

ಮಾವ ನನ್ನನ್ನೇ ನೋಡಿದರು. ಆಮೇಲೆ ಆ ಕಡೆ ತಿರುಗಿ, ಒಂದು ಪಾತ್ರೆ ಮೇಲ್ಮುಖ ಮಾಡಿ, ಎಸರಿಗೆ ನೀರಿಟ್ಟರು.

"ನಾಳೆ ಒಂಬತ್ತಕ್ಕೆ ಬಾ ಮಾವ. ತರಬೇತಿ ಆಗೈತೆ ಅಂತ ನಾನು ಬರ್ಕೊಡ್ತೀನಿ."

"ಯಾರ್ ಕೊಟ್ರು ಅಂತ ಬರೀತೀಯ?"

"ನಮ್ಮತ್ತೆ ಅಂತ."

ಮುದ್ದೆಕೋಲು ಜೋರಾಗಿ ತಿರುಗಿತು.

ಸಂಜೆ ಕೇಂದ್ರಕ್ಕೆ ಬಂದು ರಿಜಿಸ್ಟರು ತೆಗೆದೆ. ಹೆಸರಿನ ಅಂಕಣದಲ್ಲಿ ಮಾವನ ಹೆಸರು ಬರೆದು, ಮನಸ್ಸಿನ ಸ್ಥಿತಿಯ ಮುಂದೆ ತುಂಬಿದೆ: "ಹುಣಸೆ ಗೊಜ್ಜು. ಮುದ್ದೆ ಗಂಟುಗಂಟು. ಇಬ್ಬರೂ ಉಂಡೆವು."